ಭಾನುವಾರದ ಖದೀಮ

"ಇವನು ಕಳ್ಳಸಾಗಣೆದಾರ ಅಲ್ಲ ಕುವಾಬಾತ-ಸಾನ್, ಅಂಚೆಯಣ್ಣ," ಎಂದ ದೊಯಿ.

ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕರು. ಕುವಾಬಾತರೂ ನಕ್ಕರು. ಅವರಿಗೇನೂ ನಗು ಬಂದಿರಲಿಲ್ಲ. ಎಲ್ಲರೂ ನಗುವಾಗ ತಾವೊಬ್ಬರು ಸುಮ್ಮನಿದ್ದರೆ ದೊಯಿಗೆ ಬೇಜಾರಾದೀತು ಎಂದು ನಕ್ಕರು. ಇಂಥ ಮನುಷ್ಯ ಖದೀಮನ ಪಾತ್ರ ಕಟ್ಟಲು ಹೊರಟಿದ್ದೇ ಒಂದು ಎಡವಟ್ಟು. ಆದರೆ ಏನು ಮಾಡುವುದು, ಈ ಸಲದ ಆಟವೇ ಹಾಗಿತ್ತು. ಹಡಗಿನಲ್ಲಿರುವ ಎಲ್ಲರೂ ಖದೀಮರೇ ಆಗಬೇಕು, ನಕ್ಷತ್ರದಿಂದ ನಕ್ಷತ್ರಕ್ಕೆ ಕದ್ದ ಸರಕು ಸಾಗಿಸಬೇಕು, ಕಾವಲಿನವರಿಗೆ ಮಣ್ಣು ಮುಕ್ಕಿಸಬೇಕು.

ತೊಯಾಮಾ ಊರಿನ ಹಳೇ ಸಮುದಾಯ ಭವನದ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಈ ಆಟ ನಡೆಯುತ್ತಿತ್ತು. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ, ಎಡವಟ್ಟಿನ ಜಾಗ ಬಂದಾಗ ದಾಳ ಉರುಳಿಸಿ, ಎಲ್ಲರೂ ಸೇರಿ ಒಂದು ಕಥೆ ನಡೆಸುವ ಆಟ. ನಡೆಸುವವಳು ಇನೊಕುಚಿ ಚಿಗುಸಾ. ವಾರವೆಲ್ಲ ಊರಿನವರಿಗೆ ಕಟ್ಟುಹಲ್ಲು ಮಾಡಿಕೊಡುವ ಹುಡುಗಿ, ಭಾನುವಾರ ಮಾತ್ರ ಗ್ರಹಗಳನ್ನು ಮಾಡುತ್ತಿದ್ದಳು. ದೊಯಿ ಹೆಣ ಸಾಗಿಸುವ ಗಾಡಿಯ ಚಾಲಕ. ಆರು ದಿನ ದುಃಖದ ಮನೆಗಳಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಅವನ ಗಂಟಲು ಕಟ್ಟಿಹೋಗಿರುತ್ತಿತ್ತೋ ಏನೋ, ಭಾನುವಾರ ಬಂತೆಂದರೆ ಮಾಡು ಹಾರಿಹೋಗುವ ಹಾಗೆ ಕೂಗುತ್ತಿದ್ದ. ಪಕ್ಕದ ಕೋಣೆಯಲ್ಲಿ ಹೆಂಗಸರ ಚಹಾ ವಿಧಿಯ ತರಗತಿ. ನಡುವೆ ಇದ್ದದ್ದು ಒಂದು ಕಾಗದದ ಜಾರುಬಾಗಿಲು, ಅಷ್ಟೇ.

"ಸರಿ, ಇನ್ನೊಂದ್ಸಲ ನೋಡೋಣ," ಎಂದಳು ಚಿಗುಸಾ. "ತಪಾಸಣೆ ಹಡಗು ಎದುರಿಗೇ ಬಂತು. ನಿಮ್ಮ ಖದೀಮ ಜಿನ್‌ಪಾಚಿ ಏನ್ಮಾಡ್ತಾನೆ?"

"ನಿಲ್ಲಿಸ್ತಾನೆ," ಎಂದರು ಕುವಾಬಾತರು.

"ಆಮೇಲೆ?"

"ಉಗ್ರಾಣದ ದೀಪ ಹಾಕ್ತಾನೆ. ಪಾಪ, ಕತ್ತಲಲ್ಲಿ ಹುಡುಕೋಕೆ ಅವ್ರಿಗೆ ತೊಂದ್ರೆ ಆಗತ್ತಲ್ಲ."

ದೊಯಿ ಮೇಜಿಗೆ ಹಣೆ ಚಚ್ಚಿಕೊಂಡ.

ಕುವಾಬಾತ ಶಿಗೆನೊರಿ ಅವರಿಗೆ ಐವತ್ತು ದಾಟಿತ್ತು. ಔಷಧಿ ಡಬ್ಬಿಗಳ ಕಾರ್ಖಾನೆಯಲ್ಲಿ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ. ಎರಡು ವರ್ಷದಿಂದ ಈ ಮೇಜಿಗೆ ಬರುತ್ತಿದ್ದರು. ಇಷ್ಟು ದಿನ ಹಡಗಿನ ವೈದ್ಯ, ಹಡಗಿನ ಅಡುಗೆಯವ, ಹೀಗೆ ಯಾರಿಗೂ ಕೇಡಾಗದ ಪಾತ್ರ ಮಾಡಿಕೊಂಡು ಸುಖವಾಗಿದ್ದರು. ಆ ಕೋಣೆಯಲ್ಲಿ ಯಾರೂ ಅವರಿಗೆ ಕೆಲಸ ಹೇಳುತ್ತಿರಲಿಲ್ಲ. ಅಲ್ಲಿ ಅವರು ಮಾತಾಡಿದರೆ ಎಲ್ಲರೂ ಕೇಳುತ್ತಿದ್ದರು, ದಾಳ ಉರುಳಿಸಿದರೆ ಉಸಿರು ಬಿಗಿಹಿಡಿಯುತ್ತಿದ್ದರು. ಇಡೀ ವಾರದಲ್ಲಿ ತಮ್ಮದು ಅಂತ ಅವರಿಗಿದ್ದದ್ದು ಅದೊಂದು ಮಧ್ಯಾಹ್ನ. ಅದನ್ನು ಅವರು ಎಷ್ಟು ಪ್ರೀತಿಸುತ್ತಿದ್ದರೆಂದರೆ, ಆ ಪ್ರೀತಿಯನ್ನು ಹೆಂಡತಿಯ ಹತ್ತಿರ ಕೂಡ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಈ ಆಟದಲ್ಲಿ ಒಂದು ಪದ್ಧತಿಯಿತ್ತು. ಹೊಸ ಖದೀಮ ಹಡಗು ಹತ್ತಬೇಕಾದರೆ ಎಲ್ಲರೆದುರು ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ನೀನು ಹೇಳಿದ ಅತಿ ದೊಡ್ಡ ಸುಳ್ಳು ಯಾವುದು? ಅದನ್ನು ನಂಬಿದವರು ಯಾರು? ಉತ್ತರ ಮೇಜಿಗೆ ಒಪ್ಪಿಗೆಯಾಗದಿದ್ದರೆ ಹಡಗು ಹತ್ತುವ ಹಾಗಿಲ್ಲ.

"ಒಂದ್ಸಲ ಹುಷಾರಿಲ್ಲದಿದ್ರೂ ಹುಷಾರಾಗಿದ್ದೀನಿ ಅಂತ ಹೇಳಿ ಕೆಲಸಕ್ಕೆ ಹೋಗಿದ್ದ," ಎಂದರು ಕುವಾಬಾತರು, ಜಿನ್‌ಪಾಚಿಯ ಪರವಾಗಿ.

ಮೇಜು ಒಪ್ಪಲಿಲ್ಲ.

"ನೋಡಿ," ಎಂದಳು ಚಿಗುಸಾ, ಕಟ್ಟುಹಲ್ಲು ಕೂರಿಸುವಷ್ಟೇ ತಾಳ್ಮೆಯಿಂದ. "ಖದೀಮ ಯಾವತ್ತೂ 'ಆಗಲ್ಲ' ಅನ್ನಲ್ಲ, ಜಗಳ ಆಡಲ್ಲ. ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡದ ಹಾಗೆ ಒಂದು ಸುಳ್ಳು ಹೇಳ್ತಾನೆ, ನಮಸ್ಕಾರ ಮಾಡ್ತಾನೆ, ಹಡಗು ಹತ್ತಿ ಹೋಗ್ತಾನೆ. ಅಷ್ಟೇ. ಸಮಯ ತಗೊಳ್ಳಿ, ಸುಳ್ಳು ಸಿಕ್ಕಿದ ಮೇಲೆ ಬನ್ನಿ."

ಕುವಾಬಾತರು ತಲೆಬಾಗಿ ಎದ್ದರು. ಬಾಗಿಲ ಹೊರಗೆ ಚಹಾ ತರಗತಿಯ ಹೆಂಗಸರ ಚಪ್ಪಲಿಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ಪ್ರತಿ ವಾರದ ಹಾಗೆ ಅವನ್ನೆಲ್ಲ ಮೂತಿ ಹೊರಗೆ ಮಾಡಿ ಸಾಲಾಗಿ ಜೋಡಿಸಿ, ಆಮೇಲೆ ತಮ್ಮ ಬೂಟು ಹಾಕಿಕೊಂಡರು.

ಮನೆಗೆ ಬಂದರೆ ಹೊಸ್ತಿಲಲ್ಲಿ ನಿಶಿದೆ ಯಜಮಾನರು. ಓಣಿ ಸಂಘದ ಅಧ್ಯಕ್ಷರು. ಕೈಯಲ್ಲಿ ಹುರುಳಿ ಹೂರಣದ ಮಿಠಾಯಿ ಪೊಟ್ಟಣ, ಮುಖದಲ್ಲಿ ಮಿಠಾಯಿಗಿಂತ ಸಿಹಿಯಾದ ನಗು. ಆ ಪೊಟ್ಟಣದ ಹಿಂದೆ ಕೆಲಸ ಇಲ್ಲದೆ ನಿಶಿದೆ ಯಾರ ಮನೆಗೂ ಹೋದವರಲ್ಲ.

"ನನಗೂ ವಯಸ್ಸಾಯ್ತು ನೋಡಿ," ಎಂದರು ನಿಶಿದೆ. "ಏಪ್ರಿಲ್‌ನಿಂದ ಸಂಘಕ್ಕೆ ನೀವು ಅಧ್ಯಕ್ಷರಾದ್ರೆ ಚೆನ್ನ ಅಂತ ಎಲ್ರ ಆಸೆ. ಎರಡೇ ಎರಡು ವರ್ಷ. ಭಾನುವಾರ ಮಧ್ಯಾಹ್ನ ಒಂದು ಸಭೆ ಇರತ್ತೆ, ಇನ್ನೇನೂ ಅಂಥಾ ಕೆಲಸ ಇಲ್ಲ."

ಭಾನುವಾರ ಮಧ್ಯಾಹ್ನ!

ಕುವಾಬಾತರ ಬಾಯಿಂದ "ಅಯ್ಯೋ, ನನ್ನಂಥವನಿಗೆ ಅಷ್ಟು ದೊಡ್ಡ ಗೌರವ" ಎಂಬ ಮಾತು ತಾನಾಗಿ ಬಂತು. ಅದರರ್ಥ ಬೇಡ ಎಂದು. ನಿಶಿದೆ ಅದನ್ನು ಆಗಲಿ ಎಂದು ತೆಗೆದುಕೊಂಡು, ಮಿಠಾಯಿ ಅಲ್ಲೇ ಇಟ್ಟು, ಹೋಗೇಬಿಟ್ಟರು.

ಈ ಓಣಿಯಲ್ಲಿ ಕುವಾಬಾತರ ತಲೆಗೆ ಕಟ್ಟದ ಕೆಲಸವೇ ಇರಲಿಲ್ಲ. ಕಸದ ಚೀಲಗಳಿಗೆ ಕಾಗೆ ಬಾಯಿ ಹಾಕದಂತೆ ಬಲೆ ಹೊದಿಸುವವರು ಅವರು. ಚರಂಡಿಯ ಹೂಳು ತೆಗೆಸುವವರು ಅವರು. ಬೇಸಿಗೆಯ ಕುಣಿತಕ್ಕೆ ಧ್ವನಿವರ್ಧಕ ಕಟ್ಟುವವರು, ಹಿಮ ಬಿದ್ದಾಗ ಮುದುಕರ ಮನೆ ಮುಂದೆ ಗುದ್ದಲಿ ಹಿಡಿಯುವವರು, ಎಲ್ಲ ಅವರೇ. ಉಳಿದವರಿಗೆ ಒಂದೊಂದು ನೆಪ. ಮೂಲೆಮನೆ ಮುಕಾಯಿಗೆ ಸೊಂಟನೋವು. ಆ ಸೊಂಟ ಹೊತ್ತುಕೊಂಡೇ ಆತ ಶನಿವಾರ ಶನಿವಾರ ಗಾಲ್ಫ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ, ಓಣಿಯವರು ಬಾಗಿಲಲ್ಲಿ ನಿಂತು "ಸೊಂಟ ಹುಷಾರು ಕಣ್ರೀ" ಎಂದು ನಿಜವಾದ ಕಾಳಜಿಯಿಂದ ಬೀಳ್ಕೊಡುತ್ತಿದ್ದರು. ಎದುರುಮನೆಯ ತೊಮಾರು ಅಜ್ಜಿಯ ಯಜಮಾನರು ದೂರದ ಚಳಿ ಊರು ಸಪ್ಪೊರೊಗೆ ವರ್ಗವಾಗಿ ಹೋದವರು. ಯಾವಾಗ? ಕುವಾಬಾತರ ಮದುವೆಯಾದ ಹೊಸತರಲ್ಲಿ. ಬದುಕಿದ್ದರೆ ಅವರಿಗೀಗ ಎಂಬತ್ತು ದಾಟಿರಬೇಕು, ಯಾವ ಕಂಪನಿ ಆ ವಯಸ್ಸಿನವರನ್ನು ಊರೂರು ವರ್ಗ ಮಾಡುತ್ತದೋ ದೇವರೇ ಬಲ್ಲ. ಇನ್ನೊಬ್ಬಳ ಜೊತೆ ಹೋದರು ಎನ್ನುವುದು ಓಣಿಯ ಬೆಕ್ಕಿಗೂ ಗೊತ್ತು. ಆದರೂ ಹೊಸ ವರ್ಷಕ್ಕೆ ಎಲ್ಲರೂ ಅಜ್ಜಿಯನ್ನು "ಯಜಮಾನ್ರು ಹೇಗಿದ್ದಾರೆ?" ಎಂದು ಕೇಳುತ್ತಿದ್ದರು, ಅಜ್ಜಿ "ಅಲ್ಲಿ ಈ ವರ್ಷ ಚಳಿ ಜಾಸ್ತಿಯಂತೆ" ಎನ್ನುತ್ತಿದ್ದರು. ಕುವಾಬಾತರೂ ತಪ್ಪದೆ ಕೇಳುತ್ತಿದ್ದರು. ಕೇಳದಿರುವುದು ಹೇಗೆ?

ಒಟ್ಟಿನಲ್ಲಿ ನೆಪವಿಲ್ಲದ ಮನುಷ್ಯ ಅವರೊಬ್ಬರೇ.

"ಆಗಲ್ಲ ಅಂತ ಹೇಳಿ, ಮುಗೀತು," ಎಂದಳು ಹೆಂಡತಿ ಸಾತೊಮಿ.

"ಹಾಗೆ ಹೇಳಕ್ಕಾಗತ್ತಾ?"

"ಬೇರೆಯವ್ರೆಲ್ಲ ಹೇಳ್ತಾರಲ್ಲ."

"ಅವ್ರು ಹಾಗೆ ಹೇಳಲ್ಲ. ಸೊಂಟನೋವು ಅಂತಾರೆ."

"ನೀವೂ ಸೊಂಟನೋವು ಅನ್ನಿ."

"ಅದು ಮುಕಾಯಿದು," ಎಂದರು ಕುವಾಬಾತರು. ಬೇರೆಯವರ ನೆಪ ಎತ್ತಿಕೊಳ್ಳುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಸಾತೊಮಿ ನಿಟ್ಟುಸಿರು ಬಿಟ್ಟು ಮೂಲಂಗಿ ಹೆಚ್ಚಲು ಹೋದಳು.

ಆ ಎರಡು ವಾರ ಅವರು ಜಿನ್‌ಪಾಚಿಯನ್ನು ಕಟ್ಟುತ್ತಲೇ ಇದ್ದರು. ಕಾರ್ಖಾನೆಯಲ್ಲಿ ಮುಚ್ಚಳ ನೋಡುತ್ತ ಕಟ್ಟಿದರು, ಬಸ್ಸಿನಲ್ಲಿ ಕಟ್ಟಿದರು, ಸ್ನಾನದ ತೊಟ್ಟಿಯಲ್ಲಿ ಕೂತು ಕಟ್ಟಿದರು. ಎಡಹುಬ್ಬಿನ ಮೇಲೊಂದು ಗಾಯದ ಗುರುತು ಕೊಟ್ಟರು. ಮೈಗೆ ಎಣ್ಣೆ ಕಲೆಯ ಕೋಟು ತೊಡಿಸಿದರು, ಮರುಕ್ಷಣವೇ ಮನಸ್ಸು ತಡೆಯದೆ ಅದನ್ನು ಒಗೆಸಿದರು. ಕನ್ನಡಿ ಮುಂದೆ ನಿಂತು ಗೆರೆ ಅಲ್ಲಾಡದ ಮುಖ ಮಾಡಿ ನೋಡಿದರು. ಸಾತೊಮಿ ಹಲ್ಲುನೋವೇ ಎಂದು ಕೇಳಿದಳು. ಖದೀಮ ಮಾತ್ರ ಹುಟ್ಟಲಿಲ್ಲ. ಅಧ್ಯಕ್ಷಗಿರಿ ಬಂದರೆ ಹುಟ್ಟಿಯೂ ಪ್ರಯೋಜನವಿರಲಿಲ್ಲ. ಎರಡು ವರ್ಷ ಆ ಮೇಜು ಯಾರಿಗಾಗಿ ಕಾಯುತ್ತದೆ? ಅವರ ಜಾಗದಲ್ಲಿ ಬೇರೆ ಯಾರೋ ಕೂತು ದಾಳ ಉರುಳಿಸುವುದು ಕಣ್ಣಿಗೆ ಕಟ್ಟಿದಾಗ ಅವರಿಗೆ ಅಳು ಬರುವಂತಾಗುತ್ತಿತ್ತು. ದೊಡ್ಡವರು ಇಂಥದ್ದಕ್ಕೆ ಅಳಬಾರದು ಅಂತ ಯಾರು ಬೇಕಾದರೂ ಹೇಳಲಿ, ಬರುತ್ತಿತ್ತು.

ಮಾರ್ಚ್‌ನ ಒಂದು ಶನಿವಾರ ಓಣಿಯ ವಾರ್ಷಿಕ ಸಭೆ. ದಿಂಬಿನ ಮೇಲೆ ಮಂಡಿಯೂರಿ ಎಲ್ಲರೂ ಕೂತಿದ್ದರು. ನಿಶಿದೆ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಮುಂದಿನ ಅಧ್ಯಕ್ಷರ ವಿಷಯ. ಎಲ್ರಿಗೂ ಗೊತ್ತಿರೋ ಹಾಗೆ ನಮ್ಮ ಕುವಾಬಾತ-ಸಾನ್ ದೊಡ್ಡ ಮನಸ್ಸು ಮಾಡಿ..." ಎಂದು ಶುರುಮಾಡಿದರು. ಚಪ್ಪಾಳೆಗೆ ಅಂತ ಕೈಗಳು ಆಗಲೇ ಮೇಲೇಳುತ್ತಿದ್ದವು. ಜಿನ್‌ಪಾಚಿ, ಎಲ್ಲಿ ಸತ್ತೆಯೋ ಮಾರಾಯ, ಎಂದು ಕುವಾಬಾತರು ಒಳಗೊಳಗೇ ಕೂಗಿಕೊಂಡರು.

"ಕ್ಷಮಿಸಿ," ಎಂಬ ದನಿ ಕೇಳಿತು. ಅವರದೇ ದನಿ. "ಹೇಳೋದು ತಡ ಆಯ್ತು. ನಾವು ಮನೆ ಬಿಟ್ಟು ಬೇರೆ ಊರಿಗೆ ಹೋಗ್ತಾ ಇದ್ದೀವಿ."

ಮೇಲೇಳುತ್ತಿದ್ದ ಕೈಗಳು ಅಲ್ಲೇ ನಿಂತವು. ಕುವಾಬಾತರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಲ್ಲಾಡಿಸುವ ಶಕ್ತಿ ಇರಲಿಲ್ಲ ಎನ್ನುವುದು ಬೇರೆ ಮಾತು.

"ಯಾವ ಊರಿಗೆ?" ಎಂದರು ನಿಶಿದೆ.

"ತಕಾವೊಕಾ ಕಡೆಗೆ."

ಜಿನ್‌ಪಾಚಿಯಾಗಿದ್ದರೆ ನಕ್ಷತ್ರ ಮಂಡಲವನ್ನೇ ದಾಟುತ್ತಿದ್ದ. ಕುವಾಬಾತರ ಸುಳ್ಳು ರೈಲಿನಲ್ಲಿ ಅರ್ಧ ಗಂಟೆ ಕೂಡ ಹೋಗದೆ ಪಕ್ಕದ ಊರಿನಲ್ಲೇ ಇಳಿದುಬಿಟ್ಟಿತು. ಆದರೂ ಕೆಲಸ ಆಯಿತು. ಅಯ್ಯೋ ಅಂದರು, ಎಂಥಾ ನಷ್ಟ ಅಂದರು, ಮುಕಾಯಿ ಕಣ್ಣೊರೆಸಿಕೊಂಡ. ಆಮೇಲೆ ಮುಂದೇನು ಎಂದು ಎಲ್ಲರೂ ಚಾಪೆ ನೋಡತೊಡಗಿದಾಗ ಮೂಲೆಯಿಂದ ತೊಮಾರು ಅಜ್ಜಿ, "ಹಾಗಾದ್ರೆ ನಾನೇ ಆಗ್ತೀನಿ ಬಿಡಿ, ಮನೇಲಿ ಒಬ್ಳೇ ಇದ್ದು ಬೇಜಾರು," ಎಂದರು. ಎಲ್ಲರೂ ಎಷ್ಟು ನಿರಾಳವಾದರೆಂದರೆ ಚಪ್ಪಾಳೆ ನಿಲ್ಲಲೇ ಇಲ್ಲ.

ಮರುದಿನ ಭಾನುವಾರ ಕುವಾಬಾತರು ಸಮುದಾಯ ಭವನದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

"ಸುಳ್ಳು ಸಿಕ್ತು," ಎಂದರು.

ನಡೆದದ್ದೆಲ್ಲ ಹೇಳಿದರು. ದೊಯಿ ಕೂತಲ್ಲಿಂದ ಎದ್ದೇಬಿಟ್ಟ. "ಓಣಿಗೆ ಓಣಿಗೇ ಚಳ್ಳೆಹಣ್ಣು ತಿನ್ನಿಸಿದ್ರಾ? ನೀವಾ? ಗಟ್ಟಿಯಾಗಿ ಹೇಳಿ, ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ!"

"ನಾನು ಊರು ಬಿಡ್ತೀನಿ ಅಂದೆ," ಎಂದರು ಕುವಾಬಾತರು, ಅಷ್ಟು ಗಟ್ಟಿಯಾಗಿ ಅವರು ಜನ್ಮದಲ್ಲಿ ಮಾತಾಡಿರಲಿಲ್ಲ. "ಬಿಡೋದೇನೂ ಇಲ್ಲ. ಎಲ್ಲಿಗೂ ಹೋಗ್ತಿಲ್ಲ!"

"ನಂಬಿದವರು ಯಾರು?" ಎಂದಳು ಚಿಗುಸಾ, ಪದ್ಧತಿಯಂತೆ.

"ಎಲ್ರೂ! ಒಬ್ರೂ ಬಿಡದ ಹಾಗೆ. ನಿಶಿದೆ ಯಜಮಾನ್ರ ಕಿವಿ ಮೇಲೆ ಹೂವು ಇಟ್ಟುಬಿಟ್ಟೆ!"

ಮೇಜು ಒಪ್ಪಿತು. ಜಿನ್‌ಪಾಚಿ ಹಡಗು ಹತ್ತಿದ. ಆ ಮಧ್ಯಾಹ್ನವೆಲ್ಲ ಅವನು ಕಾವಲಿನವರಿಗೆ ಒಂದಾದ ಮೇಲೊಂದು ಟೋಪಿ ಹಾಕಿದ. ಪಕ್ಕದ ಕೋಣೆಯಲ್ಲಿ ಚಹಾ ಕಡೆಯುವ ಬಿದಿರು ಕುಂಚದ ಸದ್ದು ನಡುವೆ ಸ್ವಲ್ಪ ಹೊತ್ತು ನಿಂತಿತ್ತು. ಅದು ಯಾರ ಗಮನಕ್ಕೂ ಬರಲಿಲ್ಲ. ಹೋಗುವಾಗ ಕುವಾಬಾತರು ಎಂದಿನ ಹಾಗೆ ಆ ಹೆಂಗಸರ ಚಪ್ಪಲಿ ಜೋಡಿಸಿ ಹೋದರು.

ಸೋಮವಾರ ಸಂಜೆ ಅವರು ಕೆಲಸದಿಂದ ಬಂದಾಗ ಸಾತೊಮಿ ಬಾಗಿಲಲ್ಲೇ ಕೂತಿದ್ದಳು. ಅವಳ ಸುತ್ತ ಪೊಟ್ಟಣಗಳು.

"ರೀ," ಎಂದಳು. "ನಾವು ಎಲ್ಲಿಗೆ ಹೋಗ್ತಾ ಇದ್ದೀವಿ? ನನಗೂ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು."

ಬೆಳಿಗ್ಗೆಯಿಂದ ಓಣಿಯವರು ಬಂದು ಬೀಳ್ಕೊಡುಗೆ ಕೊಟ್ಟು ಹೋಗಿದ್ದರು. ಒಳ್ಳೇ ಹತ್ತಿಯ ಟವೆಲ್ಲುಗಳು. ಬಿದಿರೆಲೆಯಲ್ಲಿ ಸುತ್ತಿದ ಟ್ರೌಟ್ ಮೀನು ಹಾಸಿ ಒತ್ತಿದ ಅನ್ನ. ಹೊಸ ಮನೆಯಲ್ಲಿ ಹಾಕಿಕೊಳ್ಳಲಿ ಎಂದು ಮುಕಾಯಿ ಕೊಟ್ಟ ಎರಡು ಜೊತೆ ಮನೆಚಪ್ಪಲಿ.

"ನೀನೇನು ಹೇಳ್ದೆ?"

"ಏನು ಹೇಳ್ಲಿ? ಮೊದಲನೆಯವ್ರು ಬಂದು ಕಣ್ಣಲ್ಲಿ ನೀರು ಹಾಕಿದ್ರು. ನಾನೂ ಹಾಕ್ದೆ. ಆಮೇಲೆ ಎಲ್ರ ಮುಂದೆ ಹಾಕ್ತಾನೇ ಇರಬೇಕಾಯ್ತು." ಅವಳು ಒಂದು ಟವೆಲ್ ತೆಗೆದು ಅವರ ಎದೆಗೆ ಒಗೆದಳು. "ಇದಕ್ಕೆಲ್ಲ ವಾಪಸ್ ಉಡುಗೊರೆ ಯಾರು ಕೊಡ್ತಾರೆ? ನಿಮ್ಮ ಅಂತರಿಕ್ಷದ ಕಳ್ಳನಾ?"

ಖದೀಮನಿಗೆ ಹಡಗಿರುತ್ತದೆ, ಸುಳ್ಳು ಹೇಳಿದ ಮೇಲೆ ಹತ್ತಿ ಹೋಗುತ್ತಾನೆ. ಕುವಾಬಾತರಿಗೆ ಇದ್ದದ್ದು ಸೈಕಲ್ಲು. ಇದು ಅವರಿಗೆ ಹೊಳೆದದ್ದು ಆವಾಗ.

ಆ ವಾರವೇ ಇನ್ನೊಂದು ಫಜೀತಿ. ಸಾತೊಮಿ ಚಳಿಗಾಲದಲ್ಲೇ ಹೇಳಿಟ್ಟಿದ್ದ ಪರ್ಸಿಮನ್ ಹಣ್ಣಿನ ಸಸಿ ಮನೆಗೆ ಬಂತು. ಎಲ್ಲಿ ಬಚ್ಚಿಡುವುದು ಎಂದು ಇಬ್ಬರೂ ಒದ್ದಾಡುತ್ತಿದ್ದಾಗ ಬೇಲಿಯಾಚೆಯಿಂದ ನಿಶಿದೆ ನೋಡೇಬಿಟ್ಟರು. ಗುದ್ದಲಿ ತಂದು, ಕುವಾಬಾತರು ಬೇಡ ಬೇಡ ಎಂದರೂ ಕೇಳದೆ, ತಾವೇ ಗುಂಡಿ ತೋಡಿದರು.

"ಹಣ್ಣು ಬಿಡೋಕೆ ಏಳೆಂಟು ವರ್ಷ ಬೇಕು," ಎಂದರು ಬೆವರೊರೆಸಿಕೊಳ್ಳುತ್ತ.

"ಹೌದಾ," ಎಂದರು ಕುವಾಬಾತರು.

"ಆವಾಗ ತಕಾವೊಕಾದಿಂದ ಬಂದು ಕಿತ್ಕೊಂಡು ಹೋಗಿ."

"ಖಂಡಿತ."

ನಿಶಿದೆ ಹೋದ ಮೇಲೆ ಕುವಾಬಾತರು, "ಪಾಪ, ಎಷ್ಟು ಮುಗ್ಧ ಮನುಷ್ಯ!" ಎಂದು ಮರುಗಿದರು. ಸಾತೊಮಿ ಗಂಡನ ಮುಖವನ್ನೇ ನೋಡಿ, ಸಸಿಗೆ ನೀರು ತರಲು ಹೋದಳು.

ಚೆರಿ ಹೂ ಅರಳಿ ಉದುರಿತು. ಯಾವ ಲಾರಿಯೂ ಬರಲಿಲ್ಲ. "ಹೊರಡೋ ತಯಾರಿ ಹೇಗಿದೆ?" ಎಂದು ಯಾರಾದರೂ ಕೇಳಿದರೆ ಕುವಾಬಾತರು "ಸ್ವಲ್ಪ ತಡ ಆಗ್ತಾ ಇದೆ" ಎನ್ನುವರು, ಕೇಳಿದವರು "ಇಂಥ ಕೆಲಸ ಅಂದ್ರೆ ಹಾಗೇನೇ" ಎಂದು ತಲೆಯಾಡಿಸುವರು. ಆ ಕಡೆ ಅಂತರಿಕ್ಷದಲ್ಲಿ ಜಿನ್‌ಪಾಚಿಯ ಹೆಸರು ಕೇಳಿದರೆ ಕಾವಲಿನವರು ಹಲ್ಲು ಕಡಿಯುವಂತಾಗಿತ್ತು. ಈ ಕಡೆ ಹೊಸ ಅಧ್ಯಕ್ಷೆ ತೊಮಾರು ಅಜ್ಜಿ ಮೊದಲ ವಾರವೇ ಸಂಘದ ಸಭೆಯನ್ನು ಭಾನುವಾರದಿಂದ ಶನಿವಾರ ಬೆಳಿಗ್ಗೆಗೆ ಬದಲಾಯಿಸಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ಮುಕಾಯಿಯ ಗಾಲ್ಫಿಗೆ ಮಾತ್ರ ಕಲ್ಲು ಬಿತ್ತು.

ಆದರೆ ಅಜ್ಜಿ ಬಗ್ಗಿದ ಬೆನ್ನಿನಲ್ಲಿ ಕಾಗೆ ಬಲೆ ಎಳೆಯುವುದನ್ನು ಕಿಟಕಿಯಿಂದ ನೋಡುವಾಗ ಕುವಾಬಾತರು ತಟ್ಟೆ ಬಿಟ್ಟು ಏಳುತ್ತಿದ್ದರು. ಓಡಿಹೋಗಿ ಬಲೆ ಕಸಿದುಕೊಳ್ಳುತ್ತಿದ್ದರು. "ಹೊರಡೋ ತನಕ ಮಾಡ್ಕೊಡ್ತೀನಿ" ಎನ್ನುತ್ತಿದ್ದರು. ಹೀಗೆ ಚರಂಡಿ ಬಂತು, ಬೆಂಕಿ ಆರಿಸುವ ಅಭ್ಯಾಸದ ಬಕೆಟ್ಟು ಬಂತು, ಮುರಿದ ಬೀದಿದೀಪ ಬಂತು. ಅಧ್ಯಕ್ಷಗಿರಿ ತಪ್ಪಿಸಿಕೊಂಡ ಮನುಷ್ಯ ಅಧ್ಯಕ್ಷರ ಕೆಲಸವನ್ನೆಲ್ಲ ಮಾಡುತ್ತಿದ್ದರು, ಹೆಸರಿಲ್ಲದೆ, ಮೇಲಿಂದ ಪಾಪಪ್ರಜ್ಞೆ ಬೇರೆ.

ಮೇ ತಿಂಗಳ ಒಂದು ಬೆಳಿಗ್ಗೆ ಕಸದ ಕಟ್ಟೆಯ ಹತ್ತಿರ ಅವರಿಗೆ ತಡೆಯಲಾಗಲಿಲ್ಲ. ಬಲೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅಜ್ಜಿಯ ಕೈಯಲ್ಲಿ.

"ಅಜ್ಜಿ, ನಾನು ಒಂದು ತಪ್ಪು ಮಾಡಿದ್ದೀನಿ. ನಾವು ಎಲ್ಲಿಗೂ..."

"ಗೊತ್ತು," ಎಂದರು ಅಜ್ಜಿ. "ಆ ಮೂಲೆ ಎಳೀರಿ, ಕಾಗೆ ನೋಡ್ತಾ ಇದೆ."

ಕುವಾಬಾತರು ಮೂಲೆ ಎಳೆದರು. ಎಳೆದ ಮೇಲೆ ಮಾತು ಕಿವಿಗೆ ಇಳಿಯಿತು. "ಗೊತ್ತಾ? ಯಾವಾಗಿಂದ?"

"ನೀವು ಹೇಳಿದ ಮಾರನೇ ದಿನದಿಂದ. ನಿಶಿದೆ ಹೆಂಡ್ತಿ ಭಾನುವಾರ ಎಲ್ಲಿ ಚಹಾ ಕಲೀತಾಳೆ ಅಂದ್ಕೊಂಡಿದ್ದೀರಿ? ಅವಳ ಚಪ್ಪಲಿ ನೀವೇ ಅಲ್ವಾ ಜೋಡಿಸಿಡೋದು?"

ಕಸದ ಚೀಲಗಳ ನಡುವೆ ಜಾಗವಿದ್ದಿದ್ದರೆ ಕುವಾಬಾತರು ಅಲ್ಲೇ ನುಗ್ಗಿ ಕೂತುಬಿಡುತ್ತಿದ್ದರು. ಕಿವಿ ಮೇಲೆ ಹೂವು, ಓಣಿಗೆ ಓಣಿಗೇ, ಒಬ್ಬರೂ ಬಿಡದ ಹಾಗೆ. ಒಂದೊಂದೂ ನೆನಪಾಗಿ ಮುಖ, ಕಿವಿ, ಕತ್ತು ಎಲ್ಲ ಕೆಂಪಗಾಯಿತು.

"ಟವೆಲ್ ಕೊಟ್ರಲ್ಲ ಎಲ್ರೂ? ಸೋಮವಾರ?"

"ಹೊರಡೋರಿಗೆ ಕೊಡ್ಬೇಕಲ್ಲ."

"ಹೊರಡಲ್ಲ ಅಂತ ಗೊತ್ತಿದ್ದೂ?"

"ಮುಕಾಯಿ ಸೊಂಟ ಹೇಗಿದೆ ಅಂತ ನೀವು ಕೇಳಲ್ವಾ?" ಅಜ್ಜಿ ಬಲೆಯ ಮೇಲೆ ಕಲ್ಲು ಹೇರಿ, ಸೊಂಟಕ್ಕೆ ಕೈಕೊಟ್ಟು ನಿಂತರು. "ಇಷ್ಟು ವರ್ಷ ನೀವು ಏನೂ ಕೇಳ್ಲಿಲ್ಲ, ಏನೂ ಬೇಡ ಅನ್ಲಿಲ್ಲ. ನಮಗೆ ಅದೇ ರೂಢಿ ಆಗಿಹೋಗಿತ್ತು. ನಿಮ್ಮಂಥೋರು ಬಾಯಿಬಿಟ್ಟು ಸುಳ್ಳು ಹೇಳಿದ್ರು ಅಂದ್ರೆ, ಆ ಭಾನುವಾರ ನಿಮಗೆ ಎಷ್ಟು ಬೇಕಿತ್ತೋ ಏನೋ. ನಿಶಿದೆನೂ ಅದೇ ಅಂದ್ರು. ಬೈಕೊಂಡೇ ಅಂದ್ರು, ಆದ್ರೆ ಅಂದ್ರು."

ಶನಿವಾರದ ಸಭೆ ಎಲ್ಲಿಂದ ಬಂತೆಂದು ಕುವಾಬಾತರಿಗೆ ಈಗ ಅರ್ಥವಾಯಿತು. ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು, ಸಂತೋಷವಾಯಿತು. ತಾವು ಜನ್ಮಕ್ಕೊಂದು ಸಲ ಮಾಡಿದ ಖದೀಮತನವನ್ನು ಇಡೀ ಓಣಿ ಹೆಗಲು ಕೊಟ್ಟು ದಡ ಮುಟ್ಟಿಸಿತ್ತು.

"ಮುಂದಿನ ಸಲ ಅಧ್ಯಕ್ಷರು ಮಾತ್ರ ನೀವೇ," ಎಂದರು ಅಜ್ಜಿ. "ತಕಾವೊಕಾದಿಂದ ಓಡಾಡ್ಕೊಂಡು ಮಾಡಿ. ಮತ್ತೆ ಇನ್ನೊಂದು ಮಾತು, ಆ ಆಟಕ್ಕೆ ನನ್ನಂಥ ಮುದುಕೀರನ್ನ ಸೇರಿಸ್ಕೊಳ್ತಾರಾ?"

ಹಾಗೆ ಮುಂದಿನ ಭಾನುವಾರ ತೊಮಾರು ಅಜ್ಜಿ ಮೇಜಿನ ಮುಂದೆ ಬಂದು ಕೂತರು. ಚಹಾ ತರಗತಿಯವರು ಆಗಲೇ ಪಕ್ಕದಲ್ಲಿ ಸೇರಿದ್ದರು. ಚಿಗುಸಾ ಹೊಸಬರಿಗೆ ಪದ್ಧತಿ ವಿವರಿಸಿದಳು. ಖದೀಮನನ್ನು ಕಟ್ಟೋದು ಸುಲಭ ಅಲ್ಲ, ಕುವಾಬಾತ-ಸಾನ್ ಅವರಿಗೇ ಎರಡು ವಾರ ಹಿಡಿಯಿತು, ಏನೂ ಅವಸರ ಇಲ್ಲ ಎಂದಳು.

"ಅವಸರ ಏನಿಲ್ಲ, ಕೇಳಮ್ಮ," ಎಂದರು ಅಜ್ಜಿ.

"ನೀವು ಹೇಳಿದ ಅತಿ ದೊಡ್ಡ ಸುಳ್ಳು ಯಾವುದು?"

"ನನ್ನ ಯಜಮಾನ್ರು ಸಪ್ಪೊರೊಗೆ ವರ್ಗ ಆಗಿ ಹೋಗಿದ್ದಾರೆ."

ದೊಯಿ ನಗಲು ಬಾಯಿ ತೆರೆದವನು ಕುವಾಬಾತರ ಮುಖ ನೋಡಿ ಮುಚ್ಚಿಕೊಂಡ. ಜಾರುಬಾಗಿಲಿನ ಆಚೆ ಬಿದಿರು ಕುಂಚದ ಸದ್ದು ನಿಂತಿತು. ಈ ಸಲ ಅದು ಎಲ್ಲರಿಗೂ ಕೇಳಿಸಿತು.

"ನಂಬಿದವರು ಯಾರು?" ಎಂದಳು ಚಿಗುಸಾ, ದನಿ ತಗ್ಗಿಸಿ.

ಅಜ್ಜಿ ಕಾಗದದ ಬಾಗಿಲಿನ ಕಡೆ ತಿರುಗಿ, ಆಚೆ ಇರುವವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಒಬ್ರೂ ನಂಬ್ಲಿಲ್ಲ. ಒಂದು ದಿನಾನೂ ನಂಬ್ಲಿಲ್ಲ. ಆದ್ರೂ ಇಷ್ಟು ವರ್ಷ ಕೇಳ್ತಾನೇ ಬಂದ್ರು, ಹೇಗಿದ್ದಾರೆ ಅಂತ. ಇಲ್ದಿದ್ರೆ ನಾನು ಆ ಓಣೀಲಿ ತಲೆ ಎತ್ಕೊಂಡು ಇರ್ತಿದ್ನಾ?"

ಈ ಉತ್ತರಕ್ಕೆ ಒಪ್ಪಿಗೆ ಕೊಡಬೇಕಾದ ಮೇಜೆಲ್ಲ ಕುವಾಬಾತರ ಕಡೆ ನೋಡಿತು. ಪಕ್ಕದ ಕೋಣೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಕುವಾಬಾತರು ದಾಳಗಳನ್ನು ಎರಡೂ ಕೈಯಲ್ಲಿ ಎತ್ತಿ ಅಜ್ಜಿಯ ಮುಂದೆ ಇಟ್ಟರು, ತಲೆಬಾಗಿದರು, ಹೊಸ ವರ್ಷಕ್ಕೆ ಕೇಳುವಷ್ಟೇ ಸಹಜವಾಗಿ ಕೇಳಿದರು.

"ಯಜಮಾನ್ರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ," ಎಂದರು ಅಜ್ಜಿ. "ಅಲ್ಲಿ ಇನ್ನೂ ಚಳಿ ಬಿಟ್ಟಿಲ್ವಂತೆ. ನೀವು ಯಾವಾಗ ಹೊರಡ್ತೀರಿ?"

"ಸ್ವಲ್ಪ ತಡ ಆಗ್ತಾ ಇದೆ."

"ಇಂಥ ಕೆಲಸ ಅಂದ್ರೆ ಹಾಗೇನೇ," ಎಂದು ಜಾರುಬಾಗಿಲಿನ ಆಚೆಯಿಂದ ನಿಶಿದೆಯವರ ಹೆಂಡತಿ ಹೇಳಿದರು. ಅಜ್ಜಿ ದಾಳ ಕೈಗೆತ್ತಿಕೊಂಡರು.